ವಿಮಾನ ಕಂಪನಿ ವಿಲೀನವಾದಾಗ ಸೀನಿಯಾರಿಟಿ ಲೆಕ್ಕ: ಒಬ್ಬಳೇ ಕ್ಯಾಪ್ಟನ್, ಐದು ನಂಬರ್

ಪ್ರಶ್ನೆ (ಸಕಲೇಶಪುರ): ಮಗಳು 2017ರಿಂದ ಒಂದು ಚಿಕ್ಕ ವಿಮಾನ ಕಂಪನಿಯಲ್ಲಿದ್ದಾಳೆ. ಅಲ್ಲಿನ 200 ಪೈಲಟ್‌ಗಳ ಸೀನಿಯಾರಿಟಿ (ಸೇವಾ ಹಿರಿತನ) ಪಟ್ಟಿಯಲ್ಲಿ ಅವಳದು 90ನೇ ನಂಬರ್, ಈಗ ಕ್ಯಾಪ್ಟನ್. ಆ ಕಂಪನಿ 1,000 ಪೈಲಟ್‌ಗಳಿರುವ ದೊಡ್ಡ ಕಂಪನಿಗೆ ಸೇರುತ್ತಂತೆ. ಕೆಲಸಕ್ಕೆ ಸೇರಿದ ತಾರೀಖು ನೋಡಿ ಪಟ್ಟಿ ಮಾಡಿದರೆ ಮುಗೀತಲ್ಲ ಅಂದರೆ, "ಹಾಗೆ ಮಾಡಿದ್ರೆ ನಾನು ಮುಳುಗಿದೆ ಅಪ್ಪ" ಅಂತಾಳೆ. ಯಾಕೆ?

ಉತ್ತರ (ಕಾರ್ಮಿಕ ವ್ಯಾಜ್ಯ ನೋಡುವ ವಕೀಲರು, ಹಾಸನ): ಹಾಸನಾಂಬೆ ದರ್ಶನದ ಎರಡು ಸಾಲು ನೆನಪಿಸಿಕೊಳ್ಳಿ. ಬಾಗಿಲ ಹತ್ತಿರ ಎರಡನ್ನೂ ಒಂದು ಮಾಡಬೇಕು. ಒಂದು ಸಾಲಿನವರು "ನಾವು ರಾತ್ರಿಯಿಂದ ನಿಂತಿದ್ದೇವೆ" ಅಂತಾರೆ. ಇನ್ನೊಂದು ಸಾಲಿನವರು "ನಮ್ಮ ಸಾಲು ಬೇಗ ಸಾಗುತ್ತಿತ್ತು, ಇನ್ನೇನು ಹತ್ತು ಹೆಜ್ಜೆ" ಅಂತಾರೆ. ಇಬ್ಬರ ಮಾತೂ ನಿಜ. ಜಗಳ ಇರುವುದು ನಿಂತ ಹೊತ್ತಿಗೂ ಬಾಗಿಲಿಗೆ ಉಳಿದ ದೂರಕ್ಕೂ ನಡುವೆ.

ಲೆಕ್ಕ ಹಾಕಿ ನೋಡೋಣ. ದೊಡ್ಡ ಕಂಪನಿಯಲ್ಲಿ 450 ಕ್ಯಾಪ್ಟನ್ ಸೀಟು, ಚಿಕ್ಕದರಲ್ಲಿ 100 ಅಂದುಕೊಳ್ಳಿ, ಒಟ್ಟು 550. ದೊಡ್ಡ ಕಂಪನಿ ಹಳೆಯದು, ಅದರಲ್ಲಿ 700 ಜನ 2017ಕ್ಕಿಂತ ಮುಂಚೆ ಸೇರಿದವರು.

ಸೇರಿದ ತಾರೀಖೇ ಮಾನದಂಡವಾದರೆ ನಿಮ್ಮ ಮಗಳು 700 + 90, ಅಂದರೆ 790. ಸೀಟು ಸಿಗುವುದು ಪಟ್ಟಿಯ ನಂಬರ್ ಪ್ರಕಾರ, ಹಾಗಾಗಿ ಕ್ಯಾಪ್ಟನ್ ಗೆರೆ 550ಕ್ಕೆ ಮುಗಿಯುತ್ತದೆ. ಇವತ್ತು ಎಡಸೀಟಿನಲ್ಲಿ, ಅಂದರೆ ಕ್ಯಾಪ್ಟನ್ ಸೀಟಿನಲ್ಲಿ, ಕೂತವಳು ಗೆರೆಯಿಂದ 240 ಜನ ಕೆಳಗೆ. ಅನುಪಾತದ ಪ್ರಕಾರ ಹೋದರೆ, 200ರಲ್ಲಿ 90 ಅಂದರೆ ಶೇ. 45, 1,200ರಲ್ಲಿ ಅದು 540. ಅಂಚಿನಲ್ಲಾದರೂ ಗೆರೆಯೊಳಗೆ. ಕ್ಯಾಪ್ಟನ್‌ಗಳನ್ನು ಕ್ಯಾಪ್ಟನ್‌ಗಳ ಜತೆಗೇ 450ಕ್ಕೆ 100ರಂತೆ ಹೆಣೆದರೆ, 100ರಲ್ಲಿ 90ನೆಯವಳು 550ರಲ್ಲಿ 495. ತಾರೀಖಿಗೆ ಅರ್ಧ, ಅನುಪಾತಕ್ಕೆ ಅರ್ಧ ತೂಕ ಕೊಟ್ಟರೆ 665. ಚಿಕ್ಕ ಕಂಪನಿಯವರನ್ನೆಲ್ಲ ದೊಡ್ಡವರ ಬಾಲಕ್ಕೆ ಪಿನ್ ಹೊಡೆದರೆ 1,090. ಮನುಷ್ಯಳು ಒಬ್ಬಳೇ, ಅನುಭವವೂ ಅದೇ.

ಹೀಗೆ ಪಿನ್ ಹೊಡೆದದ್ದಕ್ಕೆ ಉದಾಹರಣೆ ಅಮೆರಿಕದಲ್ಲಿದೆ. 2001ರಲ್ಲಿ ಅಮೆರಿಕನ್ ಏರ್‌ಲೈನ್ಸ್ ಟಿಡಬ್ಲ್ಯುಎ ಎಂಬ ವಿಮಾನ ಕಂಪನಿಯನ್ನು ಕೊಂಡಾಗ ಅಲ್ಲಿನ ಗಗನಸಖಿಯರನ್ನೂ ಪೈಲಟ್‌ಗಳಲ್ಲಿ ಬಹುಪಾಲು ಜನರನ್ನೂ ಕೆಳಗೆ ತಳ್ಳಿದರು. ಅದರ ಫಲವಾಗಿ 2007ರ ಕೊನೆಯಲ್ಲಿ ಮೆಕ್ಯಾಸ್ಕಿಲ್–ಬಾಂಡ್ ಕಾನೂನು ಬಂತು: ಪಟ್ಟಿ ಜೋಡಣೆ ನ್ಯಾಯಯುತವಾಗಿರಬೇಕು, ಒಪ್ಪಂದವಾಗದಿದ್ದರೆ ಮಧ್ಯಸ್ಥಿಕೆಗೆ ಹೋಗಬೇಕು. ನಮ್ಮಲ್ಲಿ ಅಂಥ ಕಾನೂನಿಲ್ಲ.

ಪ್ರಶ್ನೆ (ಮೂಡಿಗೆರೆ): ಮಧ್ಯಸ್ಥಗಾರ ತೀರ್ಪು ಕೊಟ್ಟ ಮೇಲೆ ಮುಗಿಯಿತಲ್ಲವೇ?

ಉತ್ತರ (ನಿವೃತ್ತ ಕ್ಯಾಪ್ಟನ್, ಚಿಕ್ಕಮಗಳೂರು): ಮುಗಿಯಲಿಲ್ಲ ಅನ್ನುವುದಕ್ಕೆ ಯುಎಸ್ ಏರ್‌ವೇಸ್ ಸಾಕ್ಷಿ. 2005ರಲ್ಲಿ ಅಮೆರಿಕ ವೆಸ್ಟ್ ಎಂಬ ಕಂಪನಿ ಜತೆ ವಿಲೀನ. 2007ರಲ್ಲಿ ಮಧ್ಯಸ್ಥಗಾರ ಜಾರ್ಜ್ ನಿಕೊಲಾವ್ ಪಟ್ಟಿ ಕೊಟ್ಟರು: ಮೇಲಿನ 517 ಸ್ಥಾನ ದೊಡ್ಡ ವಿಮಾನ ಹಾರಿಸುತ್ತಿದ್ದ ಯುಎಸ್ ಏರ್‌ವೇಸ್‌ನವರಿಗೆ, ಆದರೆ ಅದೇ ಕಂಪನಿಯಲ್ಲಿ ಕೆಲಸವಿಲ್ಲದೆ ಮನೆಯಲ್ಲಿದ್ದ ಸುಮಾರು 1,700 ಜನ ಪಟ್ಟಿಯ ತಳಕ್ಕೆ. ವರ್ಷಗಟ್ಟಲೆ ಸರ್ವಿಸ್ ಇದ್ದವರು ಅಮೆರಿಕ ವೆಸ್ಟ್‌ಗೆ ಮೊನ್ನೆ ಮೊನ್ನೆ ಸೇರಿದ ಹುಡುಗರ ಕೆಳಗೆ ಬಂದರು. ಸಂಖ್ಯೆಯಲ್ಲಿ ಹೆಚ್ಚಿದ್ದ ಯುಎಸ್ ಏರ್‌ವೇಸ್ ಕಡೆಯವರು 2008ರಲ್ಲಿ ಯೂನಿಯನ್ನನ್ನೇ ಬದಲಿಸಿ, ಪಟ್ಟಿ ಜಾರಿಯಾಗದಂತೆ ನೋಡಿಕೊಂಡರು. ಆ ಹೊಸ ಯೂನಿಯನ್ ಸಂಖ್ಯೆಯಲ್ಲಿ ಕಡಿಮೆಯಿದ್ದ ಅಮೆರಿಕ ವೆಸ್ಟ್ ಪೈಲಟ್‌ಗಳಿಗೆ ಅನ್ಯಾಯ ಮಾಡಿದೆ ಎಂದು ಮೇಲ್ಮನವಿ ನ್ಯಾಯಾಲಯ ಹೇಳುವಷ್ಟರಲ್ಲಿ 2015. ಅಷ್ಟು ವರ್ಷ ಒಂದೇ ಬಣ್ಣದ ವಿಮಾನ, ಎರಡು ಪಟ್ಟಿ.

ಡೆಲ್ಟಾ–ನಾರ್ತ್‌ವೆಸ್ಟ್ 2008ರಲ್ಲಿ ಉಲ್ಟಾ ಮಾಡಿದರು: ಸಂಬಳದ ಜಂಟಿ ಒಪ್ಪಂದ ಮೊದಲು, ಪಟ್ಟಿ ಆಮೇಲೆ. ಪಟ್ಟಿಯ ತೀರ್ಪು ಅದೇ ಡಿಸೆಂಬರಿನಲ್ಲಿ ಬಂತು. ಸಂಬಳದ ಒಪ್ಪಂದ ಬಾಕಿ ಇದ್ದರೆ ಪಟ್ಟಿಯನ್ನು ಒತ್ತೆ ಇಟ್ಟುಕೊಳ್ಳಬಹುದು. ಇವರಿಗೆ ಅದಕ್ಕೆ ಅವಕಾಶವೇ ಉಳಿಯಲಿಲ್ಲ.

ನಮ್ಮಲ್ಲಿ 2007ರಲ್ಲಿ ಏರ್ ಇಂಡಿಯಾ, ಇಂಡಿಯನ್ ಏರ್‌ಲೈನ್ಸ್ ಒಂದಾದವು. ವೇತನ, ಬಡ್ತಿ ಒಂದಾಗಲಿಲ್ಲ. 2012ರಲ್ಲಿ ಬೋಯಿಂಗ್ 787 ತರಬೇತಿಗೆ ಇಂಡಿಯನ್ ಏರ್‌ಲೈನ್ಸ್ ಕಡೆಯವರನ್ನೂ ಕಳಿಸುವ ವಿಚಾರಕ್ಕೆ ಹಳೆಯ ಏರ್ ಇಂಡಿಯಾ ಕಡೆಯ ಪೈಲಟ್‌ಗಳು 58 ದಿನ ಮುಷ್ಕರ ನಡೆಸಿದರು. ಪಟ್ಟಿಯ ಜಗಳ ಕೊನೆಗೆ ಬಂದು ನಿಲ್ಲುವುದು ಹೊಸ ವಿಮಾನದ ಸೀಟಿನ ಮುಂದೆ.

ಆದ್ದರಿಂದ ನನ್ನ ಅಭಿಪ್ರಾಯ: ಸೂತ್ರಕ್ಕಿಂತ ಷರತ್ತಿಗೆ ಹೋರಾಡಿ. ಮೊದಲನೆಯದು, ಕೂತವರನ್ನು ಎಬ್ಬಿಸುವಂತಿಲ್ಲ; ಹೊಸ ನಂಬರ್ ಮುಂದೆ ಖಾಲಿಯಾಗುವ ಸೀಟಿಗೆ ಮಾತ್ರ. ಇದೊಂದಿದ್ದರೆ ಸಕಲೇಶಪುರದವರ ಮಗಳು 790ರಲ್ಲಿದ್ದರೂ ಕ್ಯಾಪ್ಟನ್ ಆಗಿಯೇ ಇರುತ್ತಾಳೆ. ಎರಡನೆಯದು ಬೇಲಿ: ಇಂತಿಷ್ಟು ವರ್ಷ ಆಯಾ ಕಂಪನಿಯ ವಿಮಾನ, ಬೇಸ್ (ಪೈಲಟ್ ಕೆಲಸ ಶುರುಮಾಡುವ ಊರು) ಆಯಾ ಕಂಪನಿಯವರಿಗೇ. ತೋಟದವರಿಗೆ ಗೊತ್ತು, ಬೇಲಿ ಹಾಕಿದರೆ ಸಾಲದು, ಒಳಗೆ ಗಿಡ ಇರಬೇಕು. "ಐದು ವರ್ಷ ಈ ವಿಮಾನಗಳು ನಮ್ಮವರಿಗೆ" ಎಂದು ಬರೆಸಿಕೊಂಡು, ಎರಡನೇ ವರ್ಷವೇ ಅವು ಲೀಸ್ ಕಂಪನಿಗೆ ವಾಪಸ್ ಹೋದರೆ ಬೇಲಿಯೊಳಗೆ ಏನೂ ಇಲ್ಲ. ವರ್ಷದ ಜತೆಗೆ ಕ್ಯಾಪ್ಟನ್ ಸೀಟುಗಳ ಕನಿಷ್ಠ ಸಂಖ್ಯೆಯನ್ನೂ, ಬದಲಿಗೆ ಬರುವ ವಿಮಾನಕ್ಕೂ ಅದೇ ನಿಯಮ ಎಂಬುದನ್ನೂ ಬರೆಸಿ.

ವಯಸ್ಸನ್ನೂ ನೋಡಿ. 65ಕ್ಕೆ ಹಾರಾಟ ನಿಲ್ಲುತ್ತದೆ. ಒಂದು ಕಂಪನಿಯಲ್ಲಿ ಅರವತ್ತು ದಾಟಿದವರು ತುಂಬಿದ್ದರೆ ಅವರ ಹಿಂದಿನವರು ಬೇಗ ಮೇಲೇರಬೇಕಿತ್ತು; ಬರೀ ಅನುಪಾತದಲ್ಲಿ ಆ ಖಾಲಿ ಜಾಗ ಎರಡೂ ಕಡೆ ಹಂಚಿಹೋಗುತ್ತದೆ. ಪಟ್ಟಿಯನ್ನು ಇವತ್ತಿಗೆ ಮಾತ್ರವಲ್ಲ, 5 ಮತ್ತು 10 ವರ್ಷ ಮುಂದಕ್ಕೂ ಓಡಿಸಿ ನೋಡದೆ ಸಹಿ ಹಾಕಬೇಡಿ.

ಪ್ರಶ್ನೆ (ಗೊರೂರು): ನಮ್ಮೂರಿನ ಕ್ಯಾಪ್ಟನ್ ಗೋಪಿನಾಥ್ ಅವರ ಏರ್ ಡೆಕ್ಕನ್‌ನಲ್ಲಿ ಎಟಿಆರ್ (ಚಿಕ್ಕ ಪ್ರೊಪೆಲ್ಲರ್ ವಿಮಾನ) ಕೂಡ ಇತ್ತು, ಏರ್‌ಬಸ್ ಕೂಡ ಇತ್ತು. ಎಟಿಆರ್ ಕ್ಯಾಪ್ಟನ್, ಏರ್‌ಬಸ್ ಫಸ್ಟ್ ಆಫೀಸರ್ (ಸಹ-ಪೈಲಟ್), ಇವರಲ್ಲಿ ಯಾರು ಮೇಲೆ?

ಉತ್ತರ (ಕ್ಯಾಪ್ಟನ್): ಗುಂಪು ಮಾಡುವಾಗ ಸಾಮಾನ್ಯವಾಗಿ ಸಂಬಳ ನೋಡುತ್ತಾರೆ. ಎಟಿಆರ್ ಕ್ಯಾಪ್ಟನ್ನನ್ನು ಏರ್‌ಬಸ್ ಕ್ಯಾಪ್ಟನ್‌ಗಿಂತ ಕೆಳಗಿನ ಬೇರೆ ಗುಂಪಿಗೆ ಹಾಕಿದರೆ ನೂರಾರು ಸ್ಥಾನ ಜಾರುತ್ತದೆ. ಸೂತ್ರಕ್ಕಿಂತ ಮೊದಲು ಈ ಗುಂಪುಗಳ ಪಟ್ಟಿ ಕೇಳಿ.

ಪ್ರಶ್ನೆ (ಅರಸೀಕೆರೆ): ಹೆರಿಗೆ ರಜೆ ತೆಗೆದುಕೊಂಡಿದ್ದರೆ? ಪಟ್ಟಿಯಲ್ಲಿ ತಪ್ಪಿದ್ದರೆ ಎಲ್ಲಿಗೆ ಹೋಗಬೇಕು? ವಿಮಾನಯಾನ ನಿಯಂತ್ರಕರಾದ ಡಿಜಿಸಿಎಗೆ?

ಉತ್ತರ (ವಕೀಲರು): ಡಿಜಿಸಿಎ ನೋಡುವುದು ಲೈಸೆನ್ಸ್, ಹಾರಾಟದ ಗಂಟೆ, ಸುರಕ್ಷತೆ, ಸೀನಿಯಾರಿಟಿ ಅಲ್ಲ. ಎನ್‌ಸಿಎಲ್‌ಟಿ (ಕಂಪನಿ ಕಾನೂನು ನ್ಯಾಯಮಂಡಳಿ) ಒಪ್ಪುವ ವಿಲೀನ ಯೋಜನೆಯಲ್ಲಿ "ಸೇವೆ ಮುರಿಯದೆ, ಈಗಿನದಕ್ಕಿಂತ ಕಡಿಮೆಯಲ್ಲದ ಷರತ್ತಿನಲ್ಲಿ" ಎಂಬ ಸಾಲು ಸಾಮಾನ್ಯ. ಅದರಿಂದ ಸಂಬಳ, ಗ್ರಾಚ್ಯುಟಿ ಉಳಿದೀತು, ಪಟ್ಟಿಯ ನಂಬರ್ ಉಳಿಯುತ್ತದೆ ಎಂದು ನಂಬಿ ಕೂರಬೇಡಿ. ಖಾಸಗಿ ಕಂಪನಿ ಮೇಲೆ ಹೈಕೋರ್ಟಿಗೆ ರಿಟ್ ಹಾಕುವ ದಾರಿಯೂ ಕಷ್ಟ. ಟಾಟಾ ಕೈಗೆ ಹೋದ ಏರ್ ಇಂಡಿಯಾ ಮೇಲೆ ರಿಟ್ ನಡೆಯದು ಎಂದು 2024ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಹಾಗಾಗಿ ಕರಡು ಪಟ್ಟಿಗೆ ಆಕ್ಷೇಪಣೆ ಹಾಕುವ ಅವಧಿಯೇ ಮುಖ್ಯ.

ವಿಲೀನದ ಸುದ್ದಿ ಬಂದ ವಾರವೇ ಈಗಿನ ಪಟ್ಟಿಯ ಪ್ರತಿ, ನೇಮಕ ಪತ್ರ, ಗ್ರೌಂಡ್ ಕ್ಲಾಸ್ (ತರಗತಿ ತರಬೇತಿ) ಶುರುವಾದ ದಿನ, ಲೈನ್ ರಿಲೀಸ್ (ತರಬೇತಿ ಮುಗಿದು ಹಾರಾಟಕ್ಕೆ ಬಿಟ್ಟ) ದಿನ, ಕ್ಯಾಪ್ಟನ್ ಆದ ದಿನ ಇವಿಷ್ಟರ ದಾಖಲೆ ಸ್ವಂತ ಇಮೇಲಿಗೆ ಕಳಿಸಿಕೊಳ್ಳಿ. ವಿಲೀನದ ನಂತರ ಕಂಪನಿ ಇಮೇಲ್ ಮುಚ್ಚಿಹೋಗಬಹುದು. ಒಂದು ಕಂಪನಿ ಗ್ರೌಂಡ್ ಕ್ಲಾಸ್ ದಿನವನ್ನೂ ಇನ್ನೊಂದು ಲೈನ್ ರಿಲೀಸ್ ದಿನವನ್ನೂ "ಸೇರಿದ ದಿನ" ಎಂದು ಎಣಿಸಿದರೆ ತಿಂಗಳುಗಟ್ಟಲೆ ಅಂತರ ಬೀಳುತ್ತದೆ. ಹೆರಿಗೆ ರಜೆ, ಸಂಬಳವಿಲ್ಲದ ರಜೆ ಎರಡನ್ನೂ ಒಂದೇ ಕಾಲಮ್ಮಿನಲ್ಲಿ ಕಳೆದಿದ್ದಾರೆಯೇ ನೋಡಿ. ಒಂದೇ ಬ್ಯಾಚಿನವರಲ್ಲಿ ಮುಂದೆ ಯಾರು ಎಂಬುದಕ್ಕೆ ಒಂದು ಕಡೆ ವಯಸ್ಸು, ಇನ್ನೊಂದು ಕಡೆ ನೌಕರ ಸಂಖ್ಯೆ ಇರಬಹುದು.

ಆಕ್ಷೇಪಣೆ ಒಂದೇ ಪುಟ ಇರಲಿ: ಪಟ್ಟಿಯಲ್ಲಿ ಈಗಿನ ನಂಬರ್, ತಪ್ಪಾದ ತಾರೀಖು, ಸರಿಯಾದ ತಾರೀಖು, ಅದಕ್ಕೆ ದಾಖಲೆ, ಬರಬೇಕಾದ ನಂಬರ್. ಗೋಳು ಬರೆದರೆ ಫೈಲಿಗೆ ಹೋಗುತ್ತದೆ, ತಾರೀಖು ಬರೆದರೆ ಉತ್ತರ ಕೊಡಲೇಬೇಕಾಗುತ್ತದೆ.

ಪ್ರಶ್ನೆ (ಸಕಲೇಶಪುರ): ಬೇಸರವಾಗಿ ಬೇರೆ ಕಂಪನಿಗೆ ಹೋದರೆ?

ಉತ್ತರ (ಕ್ಯಾಪ್ಟನ್): ಕ್ಯಾಪ್ಟನ್‌ಗೆ ನೋಟಿಸ್ ಅವಧಿ ಒಂದು ವರ್ಷ, ಮೇಲೆ ತರಬೇತಿಗೆ ಬರೆದುಕೊಟ್ಟ ಬಾಂಡ್ ಬಾಕಿ ಇದ್ದರೆ ಅದು ಬೇರೆ. ಹಾರಾಟದ ಗಂಟೆಗಳು ಜತೆಗೆ ಬರುತ್ತವೆ, ಸೀನಿಯಾರಿಟಿ ಬರುವುದಿಲ್ಲ. ಅಲ್ಲಿ ನೇರ ಕ್ಯಾಪ್ಟನ್ ಆಗಿ ಸೇರಿದರೂ ಪಟ್ಟಿಯಲ್ಲಿ ಕೊನೆಯ ಕ್ಯಾಪ್ಟನ್. ಕರಡು ಪಟ್ಟಿ ಬರುವವರೆಗೆ ರಾಜೀನಾಮೆ ಕೊಡುವುದು ಬೇಡ.