ಅಪ್‌ಡೇಟ್: ನಮ್ಮ ಮೊಬೈಲ್ ಗೀಳಿನ ಆಟ ಏನಾಯ್ತು?

ಮೊಬೈಲ್ ಗೀಳಿನ ಬಗ್ಗೆ ನಾವು ನಾಲ್ವರು ಕಾಲೇಜು ಪ್ರದರ್ಶನಕ್ಕೆ ಆಟ ಮಾಡುತ್ತಿದ್ದೇವೆ, ಉಪದೇಶದಂತೆ ಕಾಣದಿರಲು ಏನು ಮಾಡಬೇಕು ಅಂತ ಹೋದ ತಿಂಗಳು ಕೇಳಿದ್ದೆ. "ಹೇಳಬೇಡಿ, ಅನುಭವಿಸಲು ಬಿಡಿ" ಅಂದವರಿಗೆ ಥ್ಯಾಂಕ್ಸ್.

ಕ್ವಿಜ್, ಹೆದರಿಸುವ ಪೋಸ್ಟರ್ ಎಲ್ಲ ಕಿತ್ತು ಹಾಕಿದೆವು. ಉಳಿದದ್ದು ಒಂದು ಕೆಂಪು ಬಟನ್, ಆರ್ಡುಯಿನೋ (ಪ್ರೋಗ್ರಾಂ ಹಾಕಬಹುದಾದ ಪುಟ್ಟ ಸರ್ಕ್ಯೂಟ್ ಬೋರ್ಡ್), ಒಂದು ಪರದೆ. ಒತ್ತಿದರೆ ನಕ್ಷತ್ರ ಬರುತ್ತದೆ. ಮೊದಲು ಪ್ರತಿ 5ನೇ ಒತ್ತಿಗೆ ಕೊಟ್ಟೆವು. ಜನ ಎರಡು ನಕ್ಷತ್ರ ಪಡೆದು ಹೊರಟರು. ಆಮೇಲೆ ಸರಾಸರಿ ಅಷ್ಟೇ ಇಟ್ಟು, ಯಾವಾಗ ಬರುತ್ತದೆಂದು ಗೊತ್ತಾಗದಂತೆ ಮಾಡಿದೆವು. ಅಷ್ಟೇ ಬದಲಾವಣೆ! ಯಾರೂ ಬಿಟ್ಟು ಹೋಗಲಿಲ್ಲ. ಮನೋವಿಜ್ಞಾನಿ ಬಿ.ಎಫ್. ಸ್ಕಿನ್ನರ್ ಪಾರಿವಾಳಗಳಲ್ಲಿ ಕಂಡದ್ದೂ ಇದೇ. ಜೂಜಿನ ಸ್ಲಾಟ್ ಮಷಿನ್ ನಡೆಯುವುದೂ ಹೀಗೇ.

ಕೊನೆಗೆ ಪರದೆಯಲ್ಲಿ ಎರಡೇ ಸಾಲು: ಎಷ್ಟು ಸಲ ಒತ್ತಿದಿರಿ, ಎಷ್ಟು ನಿಮಿಷ ಹೋಯಿತು. ಒಬ್ಬ ಅಂಕಲ್ 212 ಸಲ ಒತ್ತಿ, "ನಕ್ಷತ್ರಕ್ಕೆ ಏನು ಕೊಡ್ತೀರಪ್ಪಾ?" ಅಂದರು. ಏನೂ ಇಲ್ಲ ಸಾರ್ ಅಂದೆ. ನಕ್ಕು, ಮತ್ತೆ ಸಾಲಿನಲ್ಲಿ ನಿಂತರು.

ಮಧ್ಯಾಹ್ನದ ಹೊತ್ತಿಗೆ ಬಟನ್ ಸ್ಪ್ರಿಂಗ್ ಮುರಿಯಿತು. ಕಾಲಿಂಗ್ ಬೆಲ್ ಸ್ವಿಚ್ ಹಾಕಿ ಹೇಗೋ ದಾಟಿಸಿದೆವು.

ಹೋದ ತಿಂಗಳು "ಎಲ್ಲದಕ್ಕೂ ರೋಗ ಅನ್ನಬೇಡಿ" ಅಂತ ಉತ್ತರಿಸಿದವರ ಮಾತೂ ಸರಿ. ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-11 ಎಂಬ ರೋಗಗಳ ಪಟ್ಟಿಯಲ್ಲಿರುವುದು ಗೇಮಿಂಗ್ ಡಿಸಾರ್ಡರ್ (ಹಿಡಿತ ತಪ್ಪಿದ ವಿಡಿಯೋ ಗೇಮ್ ಗೀಳು), ಬರೀ ಜಾಸ್ತಿ ಮೊಬೈಲ್ ನೋಡುವುದಲ್ಲ. ಅದಕ್ಕೆ ತಕ್ಕಂತೆ ಆಟದ ಪಕ್ಕದ ಬೋರ್ಡ್ ತಿದ್ದಿದೆವು. ಸಹಾಯ ಬೇಕಾದವರಿಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೊಬೈಲ್, ಇಂಟರ್ನೆಟ್ ಗೀಳಿಗೆ ನೆರವಾಗುವ ಶಟ್ ಕ್ಲಿನಿಕ್ ಹೆಸರನ್ನೂ ಬರೆದೆವು.

ಅಂದಹಾಗೆ, ಟೆಸ್ಟಿಂಗ್ ಅಂತ ರಾತ್ರಿ 2ರವರೆಗೆ ಬಟನ್ ಒತ್ತುತ್ತಾ ಕೂತವರು ನಾವೇ.