ಎದುರಿಗೇ ಯಾರಾದರೂ ಕುಸಿದು ಬಿದ್ದರೆ ಮೊದಲು ಏನು ಮಾಡಿದಿರಿ? ಅನುಭವ ಇದ್ದವರು ಹೇಳಿ

ಕಿಟಕಿ ಸೀಟು
ಹೋದ ವಾರ ರೈಲು ನಿಲ್ದಾಣದಲ್ಲಿ ನನ್ನ ಮುಂದೆ ನಿಂತಿದ್ದವರು ಇದ್ದಕ್ಕಿದ್ದಂತೆ ಕುಸಿದರು. ಸುತ್ತ ಮೂವತ್ತು ಜನ ಇದ್ದರು, ಅವರಲ್ಲಿ ನಾನೂ ಒಬ್ಬಳು. ಬಿದ್ದವರಿಂದ ಆಗೊಮ್ಮೆ ಈಗೊಮ್ಮೆ ಗೊರಕೆಯಂಥ ಸದ್ದು ಬರುತ್ತಿತ್ತು. ಉಸಿರಾಡ್ತಿದ್ದಾರೆ ಅಂದುಕೊಂಡು ನಿಂತೇ ಇದ್ದೆ. ಆಂಬ್ಯುಲೆನ್ಸ್ ಬಂತು, ನನ್ನ ರೈಲೂ ಬಂತು. ಮುಂದೇನಾಯಿತು ಗೊತ್ತಿಲ್ಲ. ಅವತ್ತಿನಿಂದ ಸರಿಯಾಗಿ ನಿದ್ದೆ ಇಲ್ಲ.
ಸಿಪಿಆರ್ (ಎದೆ ಒತ್ತಿ, ಬಾಯಿಂದ ಉಸಿರು ಕೊಡೋದು) ಅಂದರೇನು ಅಂತ ಗೊತ್ತು, ವಿಡಿಯೊ ನೋಡಿದ್ದೇನೆ. ನನ್ನ ಪ್ರಶ್ನೆ ಎರಡೇ. ಮೊದಲು ಫೋನಾ, ಎದೆ ಒತ್ತೋದಾ? ಮತ್ತೆ ನಾನು 46 ಕಿಲೋ, ಬಲ ಮಣಿಕಟ್ಟು ಮುರಿದು ಪ್ಲೇಟ್ ಹಾಕಿದ್ದಾರೆ. ನನ್ನಂಥವಳು ಒತ್ತಿದರೆ ಏನಾದರೂ ಪ್ರಯೋಜನ ಇದೆಯಾ?

ಮೂರು ಪಕ್ಕೆಲುಬು
ಹೆಸರು ನೋಡಿದರೇ ಕಥೆ ಗೊತ್ತಾಗುತ್ತೆ. ನಾನು ಸ್ವಂತ ಅಣ್ಣನ ಮೂರು ಪಕ್ಕೆಲುಬು ಮುರಿದವನು. ಎಡಗಡೆ ಎರಡು, ಬಲಗಡೆ ಒಂದು. ಅಣ್ಣ ಬದುಕಿದ್ದಾನೆ, ನಿನ್ನೆ ಕೂಡ ಫೋನಿನಲ್ಲಿ ಜಗಳ ಆಡಿದ.
ರಾತ್ರಿ 2:40. ಅತ್ತಿಗೆ ಕೂಗಿದರು. ಹೋಗಿ ನೋಡಿದರೆ ಕರೆದರೆ ಓ ಅನ್ನಲ್ಲ, ಎದೆ ಏಳಲ್ಲ. ಆಂಬ್ಯುಲೆನ್ಸ್‌ಗೆ ಫೋನ್ ಮಾಡಿ ಸ್ಪೀಕರ್‌ಗೆ ಹಾಕಿ ಪಕ್ಕದಲ್ಲಿಟ್ಟು ಶುರು ಮಾಡಿದೆ. ಒಟ್ಟು ಹನ್ನೊಂದು ನಿಮಿಷ. ಐದಾರು ಸೆಂಟಿಮೀಟರ್ ಆಳ ಅಂತ ಎಲ್ಲರೂ ಓದಿರ್ತೀರಿ. ಮನುಷ್ಯನ ಎದೆಯ ಮೇಲೆ ಅದು ಎಷ್ಟು ಆಳ ಅಂತ ಒತ್ತಿದವರಿಗೇ ಗೊತ್ತು. ಮೊದಲ ಸಲ "ಕಟಕ್" ಅಂದಾಗ ಗಾಬರಿಯಲ್ಲಿ ಕೈ ತೆಗೆದುಬಿಟ್ಟೆ. ಏಳೆಂಟು ಸೆಕೆಂಡು ಇರಬಹುದು. ಫೋನಿನಲ್ಲಿದ್ದವರು "ಯಾಕೆ ನಿಲ್ಲಿಸಿದ್ರಿ? ಒತ್ತಿ!" ಅಂತ ಗದರಿದರು. ಆ ಏಳೆಂಟು ಸೆಕೆಂಡು ಇವತ್ತಿಗೂ ಚುಚ್ಚುತ್ತೆ.
ಆಮೇಲಿನದು ಕೇಳಿ. ಆರು ವಾರ ಅಣ್ಣ ನಕ್ಕರೆ ನೋವು, ಸೀನಿದರೆ ನೋವು, ಮಗ್ಗುಲು ಬದಲಿಸಿದರೆ ನೋವು. ಪ್ರತಿ ಸಲವೂ ನನ್ನ ಕಡೆ ನೋಡೋದು. ನನ್ನ ಎರಡೂ ಮಂಡಿಯ ಚರ್ಮ ಕಿತ್ತು ಹೋಗಿತ್ತು, ಅದನ್ನು ಯಾರೂ ಕೇಳಲಿಲ್ಲ. ಅತ್ತಿಗೆ ನಾಲ್ಕು ತಿಂಗಳಾದ ಮೇಲೆ "ಅಷ್ಟು ಜೋರಾಗಿ ಒತ್ತಬೇಕಿತ್ತಾ?" ಅಂದರು. ಹೌದು, ಒತ್ತಬೇಕಿತ್ತು.

ಗಡಿಯಾರ
ಪಕ್ಕೆಲುಬು ಮುರಿದರೆ ಕೂಡಿಕೊಳ್ಳುತ್ತೆ ಸ್ವಾಮಿ. ನಮ್ಮ ಅಮ್ಮನ ಮಾತು ಕೂಡಿಕೊಳ್ಳಲಿಲ್ಲ.
ಬೆಳಿಗ್ಗೆ 9:10ಕ್ಕೆ ಕೈಯಿಂದ ಬಾಚಣಿಗೆ ಬಿತ್ತು. ಎತ್ತಿಕೊಟ್ಟೆ. ಮತ್ತೆ ಬಿತ್ತು. 9:40ಕ್ಕೆ ಏನೋ ಹೇಳಿದರು, ಮಾತು ತೊದಲುತ್ತಿತ್ತು. ಸುಸ್ತಾಗಿದೆ ಅಂತ ನಾನೇ ಮಲಗಿಸಿದೆ. ನಾನೇ ಪರದೆ ಎಳೆದೆ, "ಸದ್ದು ಮಾಡಬೇಡಿ" ಅಂತ ಮಕ್ಕಳಿಗೂ ಹೇಳಿದೆ. ಮಧ್ಯಾಹ್ನ 3ಕ್ಕೆ ಎಬ್ಬಿಸಲು ಹೋದರೆ ಬಾಯಿ ಒಂದು ಕಡೆ ಜೋತುಬಿದ್ದಿತ್ತು.
ಆಸ್ಪತ್ರೆಯಲ್ಲಿ ಮೊದಲು ಕೇಳಿದ್ದು ಹೆಸರಲ್ಲ, ವಯಸ್ಸಲ್ಲ. "ಕೊನೆಯ ಸಲ ಸರಿಯಾಗಿದ್ದದ್ದು ಎಷ್ಟು ಗಂಟೆಗೆ?" ಪಾರ್ಶ್ವವಾಯು ಅದು. ಮಿದುಳಿನ ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಬರಬೇಕು. ನಮ್ಮದು ಆರು ಗಂಟೆ ಮೀರಿತ್ತು. ಬಾಚಣಿಗೆ ಬಿದ್ದ ಹೊತ್ತು ಸರಿಯಾಗಿ ನೆನಪಿಟ್ಟುಕೊಂಡಿದ್ದೆ, ಆದರೆ ಏನು ಬಂತು.
ಎಲ್ಲರೂ ಎದೆ ಒತ್ತೋದನ್ನೇ ಹೇಳ್ತೀರಿ. ಮುಖ ಸೊಟ್ಟಗಾಯಿತಾ, ಕೈ ಎತ್ತಿದರೆ ಒಂದು ಕೆಳಗೆ ಜಾರಿತಾ, ಮಾತು ತೊದಲಿತಾ ಅಂತ ನೋಡೋಕೆ ಮಂಡಿ ಊರಬೇಕಿಲ್ಲ. ಗಡಿಯಾರ ನೋಡಿ ಫೋನ್ ಮಾಡಿದರೆ ಸಾಕಿತ್ತು.

ವಾರ್ಡ್ ಏಳು
ಮೂವತ್ತೊಂದು ವರ್ಷ ನರ್ಸ್ ಆಗಿದ್ದೆ. ಕಿಟಕಿ ಸೀಟು ಅವರೇ, ಆ ಗೊರಕೆ ಉಸಿರಾಟ ಅಲ್ಲ. ಹೃದಯ ನಿಂತ ಮೇಲೂ ಸ್ವಲ್ಪ ಹೊತ್ತು ಹಾಗೆ ಬಿಟ್ಟು ಬಿಟ್ಟು ಏದುಸಿರು ಬರುತ್ತೆ. ಮೀನನ್ನು ನೀರಿನಿಂದ ತೆಗೆದರೆ ಬಾಯಿ ಆಡಿಸುತ್ತಲ್ಲ, ಹಾಗೆ. ಪ್ರಜ್ಞೆ ಇಲ್ಲ, ಉಸಿರು ಸಹಜವಾಗಿಲ್ಲ ಅಂದರೆ ಹೃದಯ ನಿಂತಿದೆ ಅಂತಲೇ ಲೆಕ್ಕ. ಹತ್ತು ಸೆಕೆಂಡಿಗಿಂತ ಜಾಸ್ತಿ ನೋಡುತ್ತಾ ಕೂರಬಾರದು.
ನನ್ನ ಕೆಲಸದ ಮೊದಲ ವರ್ಷ ಇದೇ ಸದ್ದು ಕೇಳಿ ನಾನೂ ಮೋಸಹೋದೆ. ಅದೂ ಸಮವಸ್ತ್ರ ಹಾಕಿಕೊಂಡು. ಹಾಗಾಗಿ ನಿಮಗೆ ಬೈಯುವ ಹಕ್ಕು ನನಗಿಲ್ಲ.
ಮೂರು ಪಕ್ಕೆಲುಬು ಅವರೇ, ಹನ್ನೊಂದು ನಿಮಿಷದಲ್ಲಿ ಉಸಿರು ಎಷ್ಟು ಸಲ ಕೊಟ್ಟಿರಿ? 30 ಒತ್ತಿದ ಮೇಲೆ 2 ಉಸಿರು.

ಮೂರು ಪಕ್ಕೆಲುಬು
ಒಂದೂ ಇಲ್ಲ. ತರಬೇತಿ ಇಲ್ಲದವರು ಬರೀ ಎದೆ ಒತ್ತಿದರೆ ಸಾಕು ಅಂತ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2008ರಲ್ಲೇ ಹೇಳಿದೆ. ಅಣ್ಣ ಬದುಕಿದ್ದಾನೆ. ಇನ್ನೇನು ಬೇಕು?

ವಾರ್ಡ್ ಏಳು
ಅದು ದೊಡ್ಡವರು ದಿಢೀರನೆ ಕುಸಿದಾಗ. ನೀರಿನಲ್ಲಿ ಮುಳುಗಿದವರಿಗೆ, ಮಕ್ಕಳಿಗೆ ಉಸಿರು ಬೇಕೇ ಬೇಕು. ಒಂದು ಸಲ ಗೆದ್ದವರು ಎಲ್ಲರಿಗೂ ಪಾಠ ಹೇಳುವುದನ್ನು ಜೀವನವಿಡೀ ನೋಡಿದ್ದೇನೆ.

ಮೂರು ಪಕ್ಕೆಲುಬು
ಮೂವತ್ತೊಂದು ವರ್ಷ ಸಂಬಳ ತಗೊಂಡವರು ರಾತ್ರಿ 2:40ಕ್ಕೆ ನಮ್ಮ ಮನೆಯಲ್ಲಿ ಇರಲಿಲ್ಲ ಅಲ್ವಾ.

ಚಮಚ
ಜಗಳ ಆಮೇಲೆ ಆಡಿ. ನನ್ನದು ಫಿಟ್ಸ್ ಪ್ರಕರಣ. ಚಿಕ್ಕಪ್ಪನ ಮಗ, 19 ವರ್ಷ. ನಾಲಿಗೆ ಕಚ್ಚಿಕೊಳ್ಳುತ್ತಾನೆ ಅಂತ ಹಲ್ಲಿನ ಮಧ್ಯೆ ಚಮಚ ತುರುಕಿದೆ. ಮುಂದಿನ ಹಲ್ಲು ಅರ್ಧ ಮುರಿಯಿತು. ಆಮೇಲೆ ಬೇರು ಚಿಕಿತ್ಸೆ ಮೂರು ಸಿಟ್ಟಿಂಗ್. ಮೇಲೆ ಹಾಕಿದ ಕ್ಯಾಪ್ ಎರಡು ವರ್ಷಕ್ಕೆ ಬಿತ್ತು. ಮತ್ತೆ ಹಾಕಿಸಿದ್ದು ಬಣ್ಣ ಹೊಂದಲಿಲ್ಲ. ಮದುವೆ ಫೋಟೊಗಳಲ್ಲಿ ಬಾಯಿ ಮುಚ್ಚಿಕೊಂಡೇ ನಗುತ್ತಾನೆ. ಮೊನ್ನೆ ನನ್ನ ಹುಟ್ಟುಹಬ್ಬಕ್ಕೆ ಒಂದು ಚಮಚ ಪೊಟ್ಟಣ ಕಟ್ಟಿ ಕಳಿಸಿದ್ದ.
ಆಗ ಮಾಡಬೇಕಿದ್ದದ್ದು ಹತ್ತಿರದ ಕುರ್ಚಿ ಸರಿಸಿ, ತಲೆಯ ಕೆಳಗೆ ಮೆತ್ತಗೆ ಏನಾದರೂ ಇಟ್ಟು, ಹೊತ್ತು ನೋಡೋದು ಅಷ್ಟೇ. ಐದು ನಿಮಿಷ ದಾಟಿದರೆ ಆಂಬ್ಯುಲೆನ್ಸ್. ಅವನದು ನಿಂತದ್ದು ಎರಡು ನಿಮಿಷಕ್ಕೇ. ಚಮಚ ಹುಡುಕೋಕೆ ಅದರಲ್ಲಿ ಅರ್ಧ ಹೋಗಿತ್ತು.

ಸುಮ್ನಿದ್ದವ
ನಾನು ಏನೂ ಮಾಡದವರ ಪೈಕಿ. ಕಚೇರಿಯಲ್ಲಿ ಸಹೋದ್ಯೋಗಿ ಬಿದ್ದಾಗ ನಾನು ಬಾಗಿಲ ಹತ್ತಿರ ನಿಂತಿದ್ದೆ. ಆಮೇಲೆ ಓದಿದೆ. ಡಾರ್ಲಿ, ಲಟಾನೆ ಅನ್ನುವ ಇಬ್ಬರು 1968ರಲ್ಲಿ ಪ್ರಕಟಿಸಿದ ಪ್ರಯೋಗ. ಪಕ್ಕದ ಕೋಣೆಯವನಿಗೆ ಫಿಟ್ಸ್ ಬಂದಂತೆ ಸದ್ದು ಕೇಳಿಸಿದರು. ತಾನೊಬ್ಬನೇ ಕೇಳುತ್ತಿದ್ದೇನೆ ಅಂದುಕೊಂಡವರಲ್ಲಿ 85% ಜನ ಸಹಾಯಕ್ಕೆ ಎದ್ದರು. ಇನ್ನೂ ನಾಲ್ವರು ಕೇಳುತ್ತಿದ್ದಾರೆ ಅಂತ ನಂಬಿದವರಲ್ಲಿ 31% ಮಾತ್ರ. ಕಿಟಕಿ ಸೀಟು, ನಿಮ್ಮ ಮೂವತ್ತು ಜನವೂ ಅದೇ ಲೆಕ್ಕ.

ಚಮಚ
ನೆಪಕ್ಕೆ ಒಳ್ಳೆ ಪ್ರಯೋಗ ಸಿಕ್ಕಿದೆ.

ಸುಮ್ನಿದ್ದವ
ನೆಪ ಬೇಕಿದ್ದರೆ ಇಲ್ಲಿ ಬರೆಯುತ್ತಿರಲಿಲ್ಲ. ಕನಿಷ್ಠ ನಾನು ಯಾರ ಹಲ್ಲೂ ಮುರಿದಿಲ್ಲ.

ಬೀಗದ ಕೈ
ನಮ್ಮಲ್ಲಿ ಎಇಡಿ, ಅಂದರೆ ಹೃದಯಕ್ಕೆ ಶಾಕ್ ಕೊಡುವ ಯಂತ್ರ ಇತ್ತು. ಗೋಡೆಗೆ ಚಂದದ ಪೆಟ್ಟಿಗೆ. ಬೀಗ ಹಾಕಿದ್ದರು, ಕಳುವಾಗುತ್ತೆ ಅಂತ. ಬೀಗದ ಕೈ ಇದ್ದವರು ಅವತ್ತು ರಜೆ. ಇನ್ನೊಂದು ಕೈ ಯಾರದೋ ಡ್ರಾಯರ್‌ನಲ್ಲಿ. ನಾಲ್ಕು ನಿಮಿಷ ಹೋಯಿತು. ಒತ್ತುವವರೂ ಇಲ್ಲ, ಶಾಕೂ ಇಲ್ಲ ಅಂದರೆ ಪ್ರತಿ ನಿಮಿಷಕ್ಕೆ ಬದುಕುವ ಸಾಧ್ಯತೆ 7ರಿಂದ 10% ಇಳಿಯುತ್ತೆ. ಗುಣಿಸಿ ನೋಡಿ. ಕೊನೆಗೆ ಗಾಜು ಒಡೆದೆ. ಪ್ಯಾಡ್‌ಗಳ ಅವಧಿ ಮುಗಿದಿತ್ತು, ಆದರೂ ಎದೆಗೆ ಅಂಟಿಸಿದೆವು, ಕೆಲಸ ಮಾಡಿತು. ಮನುಷ್ಯ ಉಳಿದ. ನನಗೆ ಬಂದದ್ದು ಗಾಜು ಒಡೆದದ್ದಕ್ಕೆ ವಿವರಣೆ ಕೇಳಿದ ಪತ್ರ. ಇಟ್ಟುಕೊಂಡಿದ್ದೇನೆ, ಚೌಕಟ್ಟು ಹಾಕಿಸುತ್ತೇನೆ.
ಯಂತ್ರಕ್ಕೆ ಹೆದರಬೇಡಿ. ಮಾತಾಡಿ ಹೇಳಿಕೊಡುತ್ತೆ. ಬೇಡದವರಿಗೆ ಶಾಕ್ ಕೊಡಲ್ಲ.

ಎದೆನೋವು
ಅಪ್ಪನಿಗೆ ಎದೆ ಹಿಂಡಿದಂತಾದಾಗ ಫೋನಿನಲ್ಲಿ ಹೇಳಿದಂತೆ ಆಸ್ಪಿರಿನ್ ಅಗಿಸಿದೆ. ಉಳಿದರು. ಮನೆಯಲ್ಲಿ ಅದೊಂದು ಇದ್ದರೆ ಸಾಕು, ಯಾರು ಕುಸಿದರೂ...

ಗಡಿಯಾರ
ಯಾರು ಕುಸಿದರೂ?? ಪಾರ್ಶ್ವವಾಯು ಹೆಪ್ಪಿನಿಂದಲೂ ಬರುತ್ತೆ, ರಕ್ತನಾಳ ಒಡೆದೂ ಬರುತ್ತೆ. ಸ್ಕ್ಯಾನ್ ಇಲ್ಲದೆ ಡಾಕ್ಟರಿಗೇ ಗೊತ್ತಾಗಲ್ಲ. ಒಡೆದವರಿಗೆ ಆಸ್ಪಿರಿನ್ ಕೊಟ್ಟರೆ ಇನ್ನಷ್ಟು ಸೋರುತ್ತೆ. ಪ್ರಜ್ಞೆ ಇಲ್ಲದವರ ಬಾಯಿಗಂತೂ ಏನೂ ಹಾಕಬಾರದು, ನೀರೂ ಕೂಡ. ದಯವಿಟ್ಟು ಆ ಸಾಲು ಅಳಿಸಿ.

ಎದೆನೋವು
ಅಳಿಸಲ್ಲ, ತಿದ್ದುತ್ತೇನೆ. ಎದೆನೋವಿಗೆ, ಪ್ರಜ್ಞೆ ಇದ್ದರೆ, ಅಲರ್ಜಿ ಇಲ್ಲದಿದ್ದರೆ, ಫೋನಿನಲ್ಲಿ ಹೇಳಿದರೆ. ಸಮಾಧಾನವಾ?

ಗಡಿಯಾರ
ಇಲ್ಲ.

ಹತ್ತು ಸಾಕು
ಯಾರೂ ಹೇಳದ ಒಂದು ವಿಷಯ. ನಿಮಿಷಕ್ಕೆ 100ರಿಂದ 120 ಒತ್ತಬೇಕು, ಅಂದರೆ ಒಂದಕ್ಕೆ ಅರ್ಧ ಸೆಕೆಂಡು. ತರಬೇತಿಯಲ್ಲಿ ಬೊಂಬೆ ಮೇಲೆ ಕನ್ನಡದಲ್ಲಿ ಎಣಿಸಿದೆ. ಹತ್ತರವರೆಗೆ ಸರಿಯಾಗಿತ್ತು. "ಇಪ್ಪತ್ತೇಳು, ಇಪ್ಪತ್ತೆಂಟು" ಬರುವ ಹೊತ್ತಿಗೆ ಬಾಯಿ ಹಿಂದೆ ಬಿತ್ತು, ಬಾಯಿಯ ಹಿಂದೆ ಕೈಯೂ ನಿಧಾನವಾಯಿತು. ಹತ್ತರವರೆಗೆ ಮೂರು ಸಲ ಎಣಿಸಿ. ಮೂವತ್ತಾಯಿತು.

ಮೂರು ಪಕ್ಕೆಲುಬು
ಎಣಿಸುವ ಅಗತ್ಯವೇ ಇಲ್ಲ, ಉಸಿರು ಕೊಡದಿದ್ದರೆ.

ವಾರ್ಡ್ ಏಳು
ಮತ್ತೆ ಶುರು.

ಕಿಟಕಿ ಸೀಟು
ಎಲ್ಲರಿಗೂ ಧನ್ಯವಾದ. ಆ ಗೊರಕೆಯ ವಿಷಯ ಓದಿ ಸ್ವಲ್ಪ ಹೊತ್ತು ಫೋನ್ ಕೆಳಗಿಟ್ಟೆ. ಮಣಿಕಟ್ಟಿನ ಬಗ್ಗೆ ಯಾರಾದರೂ ಹೇಳ್ತೀರಾ?

ವಾರ್ಡ್ ಏಳು
ಕ್ಷಮಿಸಿ ಮಗಳೇ, ಜಗಳದಲ್ಲಿ ಅದೇ ಮರೆತೆ. ಒತ್ತೋದು ತೋಳಲ್ಲ, ಸೊಂಟದಿಂದ ಮೇಲಿನ ಭಾರ. ಹತ್ತಿರ ಮಂಡಿಯೂರು. ಭುಜ ನೇರ ಎದೆಯ ಮೇಲೆ ಬರಲಿ, ಮೊಣಕೈ ಮಡಿಸಬೇಡ. ಎಡಗೈ ಬುಡವನ್ನು ಎದೆಮೂಳೆಯ ಕೆಳ ಅರ್ಧದ ಮೇಲಿಟ್ಟು, ಬಲಗೈಯಿಂದ ಎಡ ಮಣಿಕಟ್ಟನ್ನು ಹಿಡಿದುಕೋ. ಸಂಧಿವಾತ ಇರುವವರಿಗೆ ಹೀಗೆ ಹೇಳಿಕೊಡುತ್ತಿದ್ದೆವು. ಪ್ಲೇಟ್ ಇರುವ ಕೈ ಬಾಗೋದು ತಪ್ಪುತ್ತೆ. ಎರಡು ನಿಮಿಷಕ್ಕೊಮ್ಮೆ ಇನ್ನೊಬ್ಬರಿಗೆ ಬಿಟ್ಟುಕೊಡು, ಎಷ್ಟೇ ತೂಕದವರಾದರೂ ಅಷ್ಟು ಹೊತ್ತಿಗೆ ಸೋಲುತ್ತಾರೆ.
ಫೋನ್ ಮೊದಲು. ಜನ ಇದ್ದರೆ "ಯಾರಾದರೂ" ಅನ್ನಬೇಡ. "ನೀಲಿ ಶರ್ಟಿನವರೇ, ನೀವು ಫೋನ್ ಮಾಡಿ" ಅನ್ನು, ಬೆರಳು ತೋರಿಸು.

ಕಿಟಕಿ ಸೀಟು
ಇವತ್ತು ಹಾಸಿಗೆ ಮೇಲೆ ದಿಂಬಿಟ್ಟು ಹಾಗೇ ಹಿಡಿದು ಒತ್ತಿ ನೋಡಿದೆ. ಮಣಿಕಟ್ಟು ನೋಯಲಿಲ್ಲ. ಆದರೆ ಎರಡು ನಿಮಿಷ ಇಷ್ಟು ಉದ್ದ ಅಂತ ಗೊತ್ತಿರಲಿಲ್ಲ. ಒಂದು ನಿಮಿಷ ಇಪ್ಪತ್ತು ಸೆಕೆಂಡಿಗೆ ಬಿಟ್ಟೆ.

ಮೂರು ಪಕ್ಕೆಲುಬು
ದಿಂಬನ್ನು ನೆಲದ ಮೇಲಿಟ್ಟು ಒತ್ತಿ. ಹಾಸಿಗೆ ಮೇಲೆ ಬೇಡ. ಅಣ್ಣ ಮಂಚದ ಮೇಲಿದ್ದ. ಮೊದಲ ಒಂದು ನಿಮಿಷ ನಾನು ಅಲ್ಲೇ ಒತ್ತಿದೆ, ಒತ್ತಿದಷ್ಟೂ ಹಾಸಿಗೆ ಕುಸಿಯುತ್ತಿತ್ತು, ಎದೆ ಅಲ್ಲ. ಫೋನಿನಲ್ಲಿದ್ದವರು ಕೇಳಿದ ಮೇಲೆ ಕೆಳಗೆ ಎಳೆದೆ. ಪಕ್ಕೆಲುಬು ಮುರಿದದ್ದೆಲ್ಲ ನೆಲದ ಮೇಲೆ. ಅತ್ತಿಗೆಗೆ ಆ ಒಂದು ನಿಮಿಷದ ಲೆಕ್ಕ ಗೊತ್ತಿಲ್ಲ.