[ಪದಚರ್ಚೆ] ಫುಟ್‌ಬಾಲಿನ ‘ರಿಟೇನ್ಡ್’ಗೆ ಕನ್ನಡದಲ್ಲಿ ಏನನ್ನೋಣ? ಸಂಜೆಯೊಳಗೆ ಬೇಕು

ಎಲ್ಲರಿಗೂ ನಮಸ್ಕಾರ,

ಐವರ್ ಬ್ರಾಡಿಸ್ ಎಂಬ ಇಂಗ್ಲಿಷ್ ಫುಟ್‌ಬಾಲ್ ಆಟಗಾರನ ಲೇಖನ ಅನುವಾದಿಸುತ್ತಿದ್ದೇನೆ. ಆರಕ್ಕೆ ಪುಟ ಕಳಿಸಬೇಕು. (ನಿಜವಾದ ಹೆಸರು ಐವನ್. ಟಾಟೆನ್‌ಹ್ಯಾಮ್ ಕ್ಲಬ್ಬಿನಲ್ಲಿ ಯಾರೋ ತಪ್ಪಾಗಿ ಓದಿ ಐವರ್ ಆದ. ದಯವಿಟ್ಟು ಅದನ್ನು ಚರ್ಚೆಗೆ ಎಳೆಯಬೇಡಿ.) ಯುದ್ಧ ಮುಗಿದ ಮರುವರ್ಷ, 1946ರಲ್ಲಿ, 23ರ ಪ್ರಾಯಕ್ಕೇ ಥರ್ಡ್ ಡಿವಿಷನ್ ನಾರ್ತ್‌ನ ಕಾರ್ಲೈಲ್ ಯುನೈಟೆಡ್‌ಗೆ ಆಟಗಾರನೂ ಹೌದು, ಮ್ಯಾನೇಜರೂ ಹೌದು. 1949ರಲ್ಲಿ ತನ್ನನ್ನು ತಾನೇ 18,000 ಪೌಂಡಿಗೆ ಸಂಡರ್‌ಲ್ಯಾಂಡ್ ಕ್ಲಬ್ಬಿಗೆ ಮಾರಿಕೊಂಡ. ತಲೆಬರಹವೂ ಅದೇ.

ಆಗ ಕರಾರು ಒಂದು ವರ್ಷದ್ದು. ಸೀಸನ್ ಮುಗಿದ ಮೇಲೆ ‘ರಿಟೇನ್ಡ್’ ಎಂಬ ಕಾಗದ ಬಂದರೆ, ಕರಾರು ತೀರಿದರೂ ನೋಂದಣಿ ಕ್ಲಬ್ಬಿನ ಕೈಯಲ್ಲೇ. ಅವರು ಹೇಳಿದ್ದಕ್ಕೆ ಸಹಿ ಹಾಕದಿದ್ದರೆ ಸಂಬಳವಿಲ್ಲ, ಲೀಗಿನ ಇನ್ನೊಂದು ಕ್ಲಬ್ಬಿಗೆ ಆಡುವ ಹಾಗೂ ಇಲ್ಲ. ‘ಉಳಿಸಿಕೊಂಡರು’ ಅಂತ ಬರೆದರೆ ಐಪಿಎಲ್ ನೋಡುವ ಓದುಗ ಖುಷಿಪಡುತ್ತಾನೆ. ‘ಫ್ರೀ ಟ್ರಾನ್ಸ್‌ಫರ್’ಗೂ ಪದ ಬೇಕು. ಅಂದರೆ ಕ್ಲಬ್ಬು ಆಟಗಾರನನ್ನು ಕೈಬಿಟ್ಟದ್ದು. ‘ಉಚಿತ ವರ್ಗಾವಣೆ’ ಅಂದರೆ ಯಾವುದೋ ಸರ್ಕಾರಿ ಭಾಗ್ಯದಂತಿದೆ.

— ಮ. ನಾ.

ಜೀತ. ಇಷ್ಟಕ್ಕೆ ಚರ್ಚೆ ಯಾಕೆ? 1955ರಲ್ಲಿ ಆಟಗಾರರ ಸಂಘದ ಜಿಮ್ಮಿ ಗತ್ರಿ ಕಾರ್ಮಿಕ ಸಂಘಗಳ ಮಹಾಸಭೆಯಲ್ಲಿ, ಬ್ರಿಟನ್ನಿನ ಕಟ್ಟಕಡೆಯ ಜೀತದಾಳುಗಳು ನಾವು ಎಂಬರ್ಥದ ಮಾತನ್ನೇ ಆಡಿದ್ದ. ಸಂಸ್ಕೃತದ ‘ಜೀವಿತ’ ತದ್ಭವವಾಗಿ ‘ಜೀತ’. ಮೊದಲಿಗೆ ಅದಕ್ಕೆ ಸಂಬಳವೆಂದೇ ಅರ್ಥ. ತೆಲುಗಿನವರು ಇವತ್ತಿಗೂ ತಿಂಗಳ ಸಂಬಳಕ್ಕೆ ‘ಜೀತಂ’ ಅನ್ನುತ್ತಾರೆ.

— ಶ್ರೀ. ವೆಂ.

> ಇಷ್ಟಕ್ಕೆ ಚರ್ಚೆ ಯಾಕೆ?

ನಿಮ್ಮ ವ್ಯುತ್ಪತ್ತಿಯೇ ನಿಮಗೆ ತಿರುಗಿಬಿದ್ದಿದೆ, ಅದಕ್ಕೆ. ಸಹಿ ಹಾಕದವನಿಗೆ ಸಂಬಳವೇ ಇಲ್ಲ, ಜೀತ ಎಲ್ಲಿಂದ ಬಂತು? 1963ರಲ್ಲಿ ಜಾರ್ಜ್ ಈಸ್ಟ್‌ಹ್ಯಾಮ್ ಎಂಬ ಆಟಗಾರನ ಮೊಕದ್ದಮೆಯಲ್ಲಿ ನ್ಯಾಯಮೂರ್ತಿ ವಿಲ್ಬರ್‌ಫೋರ್ಸ್ ಈ ಪದ್ಧತಿಯನ್ನು ವೃತ್ತಿಗೆ ಒಡ್ಡಿದ ನ್ಯಾಯವಲ್ಲದ ನಿರ್ಬಂಧ ಅಂದರು, ಅಷ್ಟೆ. 1976ರ ಜೀತ ನಿರ್ಮೂಲನೆ ಕಾಯ್ದೆ ಬರುವ ತನಕ ಅಪ್ಪನ ಸಾಲಕ್ಕೆ ಮಗ ಒಡೆಯರ ಕೊಟ್ಟಿಗೆಯಲ್ಲಿ ಸಗಣಿ ಬಾಚಿದ ಊರು ನಮ್ಮದು. ವಾರಕ್ಕೆ 12 ಪೌಂಡ್ ಎಣಿಸಿದವನಿಗೆ ಆ ಪದ ಕೊಡಲಾರೆ.

— ಹ. ಮಾ.

ಸಕ್ಕದವೇಕೆ? ‘ಕಟ್ಟಾಳು’ ಎನ್ನಿ. ಕಟ್ಟಿಹಾಕಿದ ಆಳು. ತಿಳಿಯಾದ ಕನ್ನಡ, ಅರ‍್ತವೂ ಸಲೀಸು.

— ಕೆ. ಬ.

ಕಟ್ಟಾಳು ಅಂದರೆ ಗಟ್ಟಿಗ, ಶೂರ. ಮಹಾಪ್ರಾಣದ ಜೊತೆ ಅರ್ಥವನ್ನೂ ಬಿಟ್ಟಿದ್ದೀರಿ.

— ಶ್ರೀ. ವೆಂ.

ಪದನೆರಕೆ (ನಿಗಂಟು) ನಮ್ಮಲ್ಲೂ ಇದೆ. ‘ವರ‍್ಗಾವಣೆ’ಯ ವರ‍್ಗ ಸಕ್ಕದದ್ದು, ‘ಬದಲಾವಣೆ’ಯ ಬದಲು ಅರಬ್ಬಿಯದು. ಬಾಲದಲ್ಲಿ ‘ಆವಣೆ’ ಕಟ್ಟಿಬಿಟ್ಟರೆ ಕನ್ನಡವೇ? ಎಶ್ಟು ದಿನ ಈ ಕಡದ ಬಾಳು?

— ಕೆ. ಬ.

‘ಬಾಲ್’ ಅನ್ನೂ ವಾಪಸ್ ಕೊಟ್ಟುಬಿಡೋಣವೇ? ಕಾಲಲ್ಲಿ ಒದೆಯಲು ಏನಾದರೂ ಉಳಿಸಿ, ಸ್ವಾಮಿ.

— ಹ. ಮಾ.

ಮ. ನಾ. ಅವರೇ, ಇವರ ಜಗಳ ಆರಕ್ಕೆ ಮುಗಿಯುವುದಲ್ಲ. ನಾನು ಟೀಚರ್ ಆಗಿದ್ದವಳು. ಒಮ್ಮೆ ವರ್ಗಾವಣೆ ಆದೇಶ ನನ್ನ ಬ್ಯಾಗಿನಲ್ಲೇ ಇತ್ತು. ನಿಮ್ಮ ಜಾಗಕ್ಕೆ ಯಾರೂ ಬಂದಿಲ್ಲ ಎಂದು ಏಳು ತಿಂಗಳು ರಿಲೀವ್ ಮಾಡಲಿಲ್ಲ. ಮಡಿಕೆಯಲ್ಲೇ ಕಾಗದ ಹರಿಯಿತು. ಕಚೇರಿಯ ಕನ್ನಡದಲ್ಲಿ ರಿಲೀವ್ ಮಾಡುವುದಕ್ಕೆ ‘ಬಿಡುಗಡೆ’ ಅನ್ನುತ್ತೇವೆ. ‘ರಿಟೇನ್ಡ್’ಗೆ ‘ಬಿಡುಗಡೆ ಇಲ್ಲ’ ಅನ್ನಿ. ‘ಫ್ರೀ ಟ್ರಾನ್ಸ್‌ಫರ್’ಗೆ ಬರೀ ‘ಬಿಡುಗಡೆ’ ಸಾಕು.

— ಸು. ದೇ.

ಸು. ದೇ. ಮೇಡಂ, ಬದುಕಿಸಿದಿರಿ. ಎರಡನ್ನೂ ಹಾಕಿದೆ.

— ಮ. ನಾ.

ತಲೆಬರಹದಲ್ಲಿ ‘ಮಾರಿಕೊಂಡ’ ಬೇಡ. ‘ಕೊಳ್ಳು’ ಸೇರಿದರೆ ಲಾಭ ಅವನ ಪಾಲಾಗುತ್ತದೆ, ಮಾನವೂ ಹೋಗುತ್ತದೆ. 18,000 ಹೋದದ್ದು ಕಾರ್ಲೈಲ್ ಕ್ಲಬ್ಬಿಗೆ. ನಿಯಮದಂತೆ ಸಹಿ ಹಾಕಿದ್ದಕ್ಕೆ ಆಟಗಾರನಿಗೆ 10 ಪೌಂಡ್. ವಾರದ ಸಂಬಳದ ಗರಿಷ್ಠ ಮಿತಿ ಕಾರ್ಲೈಲ್‌ನಲ್ಲೂ 12, ಸಂಡರ್‌ಲ್ಯಾಂಡ್‌ನಲ್ಲೂ 12.

— ಹ. ಮಾ.

‘ಮಾರಿದ’ ಮಾಡಿದೆ. ಪುಟ ಹೋಯಿತು.

— ಮ. ನಾ.

ಆದರೂ ‘ಜೀತ’ವೇ ಸರಿ.

— ಶ್ರೀ. ವೆಂ.